ಅಜೆರೋತ್‌ನಲ್ಲಿ ಮಾಯಾವೇಷ: ಸ್ಟಾರ್ಮ್‌ವಿಂಡ್‌ನಲ್ಲಿ ನನ್ನ ಗೂಢಚಾರಿಣಿಯನ್ನು ಯಾಕೆ ಯಾರೂ ಹಿಡಿಯಲಿಲ್ಲ?

ಮುಲುಂಡ್_ಮಂತ್ರವಾದಿ

ಎಲ್ಲರಿಗೂ ನಮಸ್ಕಾರ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟದ (ಅಜೆರೋತ್ ಅದರ ಲೋಕ) ಕತೆ ಚೆನ್ನಾಗಿ ಬಲ್ಲವರು ಸ್ವಲ್ಪ ಕೈ ಹಿಡಿಯಬೇಕು. ಆರ್ಜೆಂಟ್ ಡಾನ್ ಸರ್ವರ್‌ನಲ್ಲಿ ನಮ್ಮದೊಂದು ಸಣ್ಣ ಆರ್‌ಪಿ (ರೋಲ್‌ಪ್ಲೇ) ಗಿಲ್ಡ್, ಅಂದರೆ ಆಟಗಾರರ ತಂಡ, ಇದೆ. ಮುಂಬೈ, ಪುಣೆ, ಗೋವಾ ಕಡೆಯ ಕನ್ನಡದವರೇ ಜಾಸ್ತಿ. ರೇಡ್ ಗೀಡ್ ಇಲ್ಲ. ಪಾತ್ರ ವಹಿಸಿಕೊಂಡು ಮಾತಾಡುತ್ತೇವೆ, ಕತೆ ಬೆಳೆಸುತ್ತೇವೆ. ಯುರೋಪಿನವರಿಗೆ ರಾತ್ರಿ 8 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ 12:30. ಬೆಳಗ್ಗೆ ಲೋಕಲ್ ಹಿಡಿಯುವವರಿಗೆ ಅದೊಂದು ಬೇರೆಯೇ ಶಿಕ್ಷೆ, ಇರಲಿ.

ನನ್ನ ಹೊಸ ಪಾತ್ರ ಅಲಯನ್ಸ್ ಪಕ್ಷದ ಮನುಷ್ಯರ ರಾಜಧಾನಿ ಸ್ಟಾರ್ಮ್‌ವಿಂಡ್‌ನಲ್ಲಿ ಬಟ್ಟೆ ವ್ಯಾಪಾರ ಮಾಡುವ ಹೆಂಗಸು. ನೋಡುವವರಿಗೆ ಮನುಷ್ಯಳು. ನಿಜದಲ್ಲಿ ಬ್ಲಡ್ ಎಲ್ಫ್ (ಶತ್ರುಪಕ್ಷ ಹೋರ್ಡ್‌ನ ಉದ್ದ ಕಿವಿಯ ಜನ), ಅವರ ಊರು ಸಿಲ್ವರ್‌ಮೂನ್ ಕಳಿಸಿದ ಗೂಢಚಾರಿಣಿ. ಪರದೆಯ ಮೇಲೆ ಮನುಷ್ಯ ಪಾತ್ರವನ್ನೇ ಮಾಡಿಕೊಂಡಿದ್ದೇನೆ, ಆದ್ದರಿಂದ ಆಟದ ಕಡೆಯಿಂದ ತೊಂದರೆ ಇಲ್ಲ. ತೊಂದರೆ ಇರುವುದು ಕತೆಯಲ್ಲಿ. ಗಿಲ್ಡ್ ನಡೆಸುವ ವಾಶಿ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೊಡ್ಡ ಊರಲ್ಲಿ ಮಂತ್ರವಾದಿಗಳು, ಪುರೋಹಿತರು, ಬೇಹುಗಾರರು ಎಲ್ಲ ಇದ್ದಾರೆ. ಇವಳನ್ನು ಯಾಕೆ ಯಾರೂ ಹಿಡಿಯಲಿಲ್ಲ?" ರೂಪ ಬದಲಿಸುವ ಮಾಯಾಗೋಲ ಆರ್ಬ್ ಆಫ್ ಡಿಸೆಪ್ಷನ್ ಇದೆಯಲ್ಲ ಅಂದೆ. ಅಕ್ಕನಿಗೆ ಅದು ಸಾಲಲಿಲ್ಲ. ಉತ್ತರ ತಂದರೆ ಮಾತ್ರ ಪಾತ್ರಕ್ಕೆ ಒಪ್ಪಿಗೆಯಂತೆ.

ಹಳೇಹುಲಿ_ಡೊಂಬಿವಲಿ

ಅಕ್ಕ ಕೇಳಿದ್ದು ಸರಿಯಾಗಿದೆ ತಮ್ಮಾ. ಮೊದಲು ಆ ಆರ್ಬ್ ಬಿಟ್ಟುಬಿಡು. ಅದರ ಲೆಕ್ಕ ನೋಡು: ವೇಷ ನಿಲ್ಲುವುದು 5 ನಿಮಿಷ, ಮತ್ತೆ ಬಳಸಬೇಕಾದರೆ 30 ನಿಮಿಷ ಕಾಯಬೇಕು. ಅಂದರೆ ಪ್ರತಿ ಅರ್ಧ ಗಂಟೆಯಲ್ಲಿ 25 ನಿಮಿಷ ನಿನ್ನ ಬಟ್ಟೆ ವ್ಯಾಪಾರಿ ಉದ್ದ ಕಿವಿ ಬಿಟ್ಟುಕೊಂಡು ಗಲ್ಲಾದಲ್ಲಿ ಕೂತಿರಬೇಕು!

ಇನ್ನೊಂದು ವಿಷಯ. ಆರ್ಬ್ ಬದಲಿಸುವುದು ಬರೀ ಮೈಯ ಚಿತ್ರವನ್ನು. ನೀನು ಯಾವ ಪಕ್ಷದವನು ಅನ್ನುವುದನ್ನು ಅದು ಮುಟ್ಟುವುದೇ ಇಲ್ಲ. ಮನುಷ್ಯನ ಮುಖ ಹೊತ್ತ ಹೋರ್ಡ್ ಆಟಗಾರ ಅಲಯನ್ಸ್ ಊರು ಗೋಲ್ಡ್‌ಶೈರ್‌ಗೆ ಹೋದರೆ ಕಾವಲುಗಾರ ಕತ್ತಿ ಹಿರಿದೇ ಹಿರಿಯುತ್ತಾನೆ. ಬಾಯಿ ಬಿಟ್ಟರಂತೂ ಮುಗಿಯಿತು. ಎರಡು ಪಕ್ಷದ ಭಾಷೆ ಬೇರೆ, ಹೋರ್ಡ್‌ನವನು ಲೋಲ್ ಅಂತ ಟೈಪ್ ಮಾಡಿದರೆ ಅಲಯನ್ಸ್‌ನವರಿಗೆ ಕಾಣುವುದು ಕೆಕ್. ಆಟ ಮಾಡಿದವರು ಇದನ್ನು ತಮಾಷೆಯ ಸಾಮಾನು ಅಂತಲೇ ಇಟ್ಟಿದ್ದಾರೆ. ಸೇವರಿ ಡೀವಿಯೇಟ್ ಡಿಲೈಟ್ ತಿಂದು ಕಡಲ್ಗಳ್ಳ ಆಗುವುದು, ನಾಗನ್‌ಫಾಗರ್ ಕುಡಿದು ಅಸ್ಥಿಪಂಜರ ಆಗುವುದು, ಇದು, ಎಲ್ಲ ಒಂದೇ ಗುಂಪು. ಇವುಗಳ ಮೇಲೆ ಕತೆ ಕಟ್ಟಿದರೆ ನಿಲ್ಲುವುದಿಲ್ಲ.

ಬೋರಿವಲಿ_ಬಾಣ

ನನಗೆ ಈ ತಲೆನೋವೇ ಅರ್ಥ ಆಗುವುದಿಲ್ಲ. ಟ್ರಾನ್ಸ್‌ಮಾಗ್ (ತೊಟ್ಟ ಕವಚವನ್ನು ಬೇರೆ ಬಟ್ಟೆಯ ಹಾಗೆ ತೋರಿಸುವ ಸೌಲಭ್ಯ) ಬಂದಾಗಿನಿಂದ ಇಡೀ ಊರೇ ವೇಷ ಹಾಕಿಕೊಂಡು ತಿರುಗುತ್ತಿದೆ. ಒಬ್ಬನ ತಲೆ ಮೇಲೆ ಬಕೆಟ್, ಇನ್ನೊಬ್ಬ ಅಡುಗೆಭಟ್ಟ. ಅಲ್ಲಿ ಲೋರ್ (ಹಿನ್ನೆಲೆ ಕತೆ) ಕೇಳದವರು ಇಲ್ಲಿ ಯಾಕೆ ಕೇಳುತ್ತೀರಿ? ಮಾಯೆ ಅಂದ ಮೇಲೆ ಮಾಯೆ. ಆಡಿ ಮಾರಾಯ್ರೆ, ಸುಮ್ನೆ.

ಹಳೇಹುಲಿ_ಡೊಂಬಿವಲಿ

ಬಾಣ ಅವರೇ, ಟ್ರಾನ್ಸ್‌ಮಾಗ್‌ಗೂ ಅವರು ಒಂದು ಕತೆ ಕೊಟ್ಟೇ ತಂದರು. 2011ರಲ್ಲಿ 4.3 ಪ್ಯಾಚ್ (ಆಟದ ಅಪ್‌ಡೇಟ್) ಬಂದಾಗ ಆ ಅಂಗಡಿ ಇಟ್ಟಿದ್ದು ಯಾರು? ಈಥಿರಿಯಲ್‌ಗಳು. ಅವರ ಲೋಕ ಹಾಳಾದಾಗ ಅವರ ಮೈಯೂ ಹೋಯಿತು. ಉಳಿದಿದ್ದು ಬರೀ ಶಕ್ತಿ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಾಡುತ್ತಾರೆ. ಬಟ್ಟೆ ಬಿಟ್ಟರೆ ಆಕಾರವೇ ಇಲ್ಲದವರ ಕೈಗೆ ಬಟ್ಟೆ ಬದಲಿಸುವ ವ್ಯಾಪಾರ! ಯಾರು ಯೋಚಿಸಿದರೋ, ಒಳ್ಳೆ ತಲೆ. ಆದರೆ ಅಲ್ಲಿ ಯಾರೂ ಯಾರಿಗೂ ಮೋಸ ಮಾಡುವುದಿಲ್ಲ. ಬಕೆಟ್ ಹೊತ್ತವನು ಯಾರೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಕಾವಲುಗಾರನಿಗೂ ಚಿಂತೆ ಇಲ್ಲ.

ಈಗ ನಿಜವಾದ ಉದಾಹರಣೆಗೆ ಬರುತ್ತೇನೆ. ಸ್ಟಾರ್ಮ್‌ವಿಂಡ್ ಅಂದ ಮೇಲೆ ಕತ್ರಾನಾ ಪ್ರೆಸ್ಟರ್ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಹೊಸಬರಿಗಾಗಿ: 2004ರಲ್ಲಿ ಆಟ ಶುರುವಾದಾಗ ಸ್ಟಾರ್ಮ್‌ವಿಂಡ್‌ನ ರಾಜ ವೇರಿಯನ್ ಕಾಣೆಯಾಗಿದ್ದ. ಸಿಂಹಾಸನದ ಮೇಲೆ ಹುಡುಗ ಆಂಡ್ವಿನ್. ಆಡಳಿತ ನೋಡುತ್ತಿದ್ದವನು ಬೋಲ್ವಾರ್. ಪಕ್ಕದಲ್ಲಿ ಸಲಹೆ ಕೊಡುತ್ತಾ ನಿಂತಿದ್ದವಳು ಲೇಡಿ ಕತ್ರಾನಾ ಪ್ರೆಸ್ಟರ್. ಆಟಗಾರರು ದಿನಾ ಅವಳ ಮುಂದೆಯೇ ಓಡಾಡುತ್ತಿದ್ದರು. ಅವಳು ಓನಿಕ್ಸಿಯಾ, ಕರಿ ಡ್ರ್ಯಾಗನ್, ಡೆತ್‌ವಿಂಗ್‌ನ ಮಗಳು. ಅಪ್ಪನೂ ಹಿಂದೆ ಡವಾಲ್ ಪ್ರೆಸ್ಟರ್ ಅನ್ನುವ ದೊರೆಯ ವೇಷದಲ್ಲಿ ರಾಜರುಗಳ ಸಭೆಯಲ್ಲಿ ಕೂತು ಆಲ್ಟರಾಕ್ ಸಿಂಹಾಸನಕ್ಕೆ ಕಣ್ಣು ಹಾಕಿದ್ದ. ಅಣ್ಣ ನೆಫೇರಿಯನ್ ಕೂಡ ಲಾರ್ಡ್ ವಿಕ್ಟರ್ ನೆಫೇರಿಯಸ್ ಅಂತ ಮನುಷ್ಯ ರೂಪದಲ್ಲೇ ಎದುರಾಗುತ್ತಾನೆ. ಮನೆತನದ ಕಸುಬು ಅನ್ನಬಹುದು.

ಅವಳನ್ನು ಯಾರೂ ಹಿಡಿಯಲಿಲ್ಲ ಯಾಕೆ? ರೂಪ ಬದಲಿಸುವ ಮಾಯೆ ಚೆನ್ನಾಗಿತ್ತು, ಅದು ಒಂದು ಪಾಲು. ಸುತ್ತ ಇದ್ದವರ ಮನಸ್ಸನ್ನೂ ಹಿಡಿತದಲ್ಲಿ ಇಟ್ಟುಕೊಂಡಿದ್ದಳು, ಅದು ಇನ್ನೊಂದು ಪಾಲು. ಮೂರನೆಯದೇ ದೊಡ್ಡದು: ಅನುಮಾನ ಬಂದವನ ಗತಿ ಏನಾಗುತ್ತೆ ಅಂತ ತೀರ್ಮಾನ ಮಾಡುವ ಜಾಗದಲ್ಲೇ ಅವಳು ಕೂತಿದ್ದಳು. ಅವಳ ಗುಟ್ಟು ಬಲ್ಲ ಮಾರ್ಷಲ್ ವಿಂಡ್ಸರ್ ಎಲ್ಲಿದ್ದ? ಬ್ಲ್ಯಾಕ್‌ರಾಕ್ ಡೆಪ್ತ್ಸ್‌ನ ಸೆರೆಮನೆಯಲ್ಲಿ. ನಾವೇ ಹೋಗಿ ಬಿಡಿಸಿಕೊಂಡು ಬರಬೇಕು. ಆಮೇಲೆ ಬರುವುದೇ ಗ್ರೇಟ್ ಮಾಸ್ಕರೇಡ್ ಕ್ವೆಸ್ಟ್, ಅಂದರೆ ಆಟಗಾರರಿಗೆ ಕೊಡುವ ಕೆಲಸ. ವಿಂಡ್ಸರ್ ಊರ ಬಾಗಿಲಿಗೆ ಬರುತ್ತಾನೆ. ಜನರಲ್ ಮಾರ್ಕಸ್ ಜೊನಾಥನ್ ತಡೆಯುತ್ತಾನೆ, ಕೊನೆಗೆ ದಾರಿ ಬಿಡುತ್ತಾನೆ. ದಾರಿಯುದ್ದಕ್ಕೂ ಸೈನಿಕರು ಸೆಲ್ಯೂಟ್ ಹೊಡೆಯುತ್ತಾರೆ. ಅರಮನೆಯಲ್ಲಿ ಅವನು ಕಲ್ಲಿನ ಫಲಕದ ಮೇಲಿನ ಮಾತುಗಳನ್ನು ಓದುತ್ತಾನೆ. ವೇಷ ಕಳಚುತ್ತೆ. ಅವಳ ಜೊತೆ ಕಾವಲಿನವರೂ ಡ್ರ್ಯಾಗನ್ ಬಂಟರಾಗುತ್ತಾರೆ. ವಿಂಡ್ಸರ್ ಸಾಯುತ್ತಾನೆ.

ನೀವು ಗಮನಿಸಬೇಕಾದದ್ದು, ವೇಷ ತಾನಾಗಿ ಜಾರಿ ಬೀಳಲಿಲ್ಲ. ಅದನ್ನು ತೆರೆಯಲು ಒಂದು ಬೀಗದ ಕೈ ಇತ್ತು. ಅದನ್ನು ತಂದವನು ತಲೆ ಕೊಟ್ಟ. ಈಗಿನ ಆಟದಲ್ಲಿ ಈ ಕ್ವೆಸ್ಟ್ ಇಲ್ಲ. 2019ರಲ್ಲಿ ಹಳೇ ಆಟದ ಮರುಆವೃತ್ತಿ ಕ್ಲಾಸಿಕ್ ಬಂದಾಗ ಮತ್ತೆ ಆಡಲು ಸಿಕ್ಕಿತು. ಸಿಕ್ಕರೆ ಬಿಡಬೇಡಿ.

ಸುಮ್ನೆ_ಓದುವವಳು

ಹುಲಿ ಅಂಕಲ್, ಹೋರ್ಡ್ ಕಡೆಯವರಿಗೆ ಓನಿಕ್ಸಿಯಾ ಹತ್ತಿರ ಹೋಗಲು ಏನು ದಾರಿ ಇತ್ತು? ಅವರಿಗೆ ಸ್ಟಾರ್ಮ್‌ವಿಂಡ್ ಅರಮನೆ ಸಿಗುವುದಿಲ್ಲವಲ್ಲ.

ಹಳೇಹುಲಿ_ಡೊಂಬಿವಲಿ

ಇಷ್ಟು ದಿನ ಬರೀ ಓದಿಕೊಂಡಿದ್ದು ಈಗ ಒಳ್ಳೆ ಜಾಗಕ್ಕೇ ಕೈ ಹಾಕಿದೆಯಮ್ಮ. ಅಲ್ಲಿ ಎಲ್ಲ ತಿರುಗುಮುರುಗು. ಹೋರ್ಡ್‌ನವರು ರೆಕ್ಸಾರ್ ಮಾತು ಕೇಳಿ ಮೈರಾಂಡಾ ಅನ್ನುವ ಮುದುಕಿಯ ಹತ್ತಿರ ಹೋಗುತ್ತಾರೆ. ಅವಳು ಕರಿ ಡ್ರ್ಯಾಗನ್ ಬಂಟರ ಕಣ್ಣುಗಳನ್ನು ತರಿಸಿಕೊಂಡು ಒಂದು ತಾಯಿತ ಮಾಡಿಕೊಡುತ್ತಾಳೆ. ಅದನ್ನು ಕಟ್ಟಿಕೊಂಡರೆ ನೀವೇ ಡ್ರ್ಯಾಗನ್ ಬಂಟನ ಹಾಗೆ ಕಾಣುತ್ತೀರಿ. ಡಸ್ಟ್‌ವಾಲೋ ಜೌಗಿನಲ್ಲಿರುವ ಎಂಬರ್‌ಸ್ಟ್ರೈಫ್ ಅನ್ನುವ ಕರಿ ಡ್ರ್ಯಾಗನ್ ನಂಬಿಬಿಡುತ್ತೆ, ಬೇರೆ ಡ್ರ್ಯಾಗನ್‌ಗಳ ತಲೆಬುರುಡೆ ತಾ ಅಂತ ಕೆಲಸವನ್ನೂ ಹಚ್ಚುತ್ತೆ. ಅಂದರೆ ಅಲಯನ್ಸ್‌ನವರು ಅವಳ ವೇಷ ಕಳಚಿ ಗುಹೆ ತಲುಪುತ್ತಾರೆ, ಹೋರ್ಡ್‌ನವರು ಅವಳ ಕುಲದ ವೇಷ ಹಾಕಿ ತಲುಪುತ್ತಾರೆ. ಜನ ಈ ಆಟವನ್ನು ಬರೀ ಹೊಡೆದಾಟ ಅಂತಾರೆ. ಅವರಿಗೆ ಇದನ್ನು ತೋರಿಸಬೇಕು.

ಕೋಥ್ರೂಡ್_ಕಳ್ಳ

ರೋಗ್ (ಕಳ್ಳರು, ಬೇಹುಗಾರರ ಕ್ಲಾಸ್) ಆಡುವವನಾಗಿ ಎರಡು ಮಾತು. 2016ರ ಲೀಜನ್ ವಿಸ್ತರಣೆಯಲ್ಲಿ ನಮ್ಮ ಕ್ಲಾಸ್‌ನ ಕತೆಯೇ ಇದು. ಸ್ಟಾರ್ಮ್‌ವಿಂಡ್ ಬೇಹುಗಾರರ ದೊಡ್ಡಪ್ಪ ಮಥಾಯಸ್ ಶಾ. ಅವನ ಜಾಗದಲ್ಲಿ ಕೂತಿದ್ದವನು ಡೆಥೆರಾಕ್ ಅನ್ನುವ ಡ್ರೆಡ್‌ಲಾರ್ಡ್, ರೂಪ ಬದಲಿಸುವ ರಾಕ್ಷಸ. ಬೇಹುಗಾರಿಕೆಯ ಮುಖ್ಯಸ್ಥನನ್ನೇ ಬದಲಿಸಿಬಿಟ್ಟರೆ ತಪಾಸಣೆ ಮಾಡುವವರು ಯಾರು?

ಆದರೆ ನಾನು ಹುಲಿ ಸರ್ ಮಾತಿಗೆ ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ. ಜನ ಮುಖ ನೋಡುವುದೇ ಕಡಿಮೆ. ನೋಡುವುದು ಜಾಗ, ಬಟ್ಟೆ, ಹೊತ್ತು. ಪುಣೆಯಲ್ಲಿ ಬೆಳೆದವರಿಗೆ 1666ರ ಆಗ್ರಾ ಕತೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿವಾಜಿ ಮಹಾರಾಜರು ತಪ್ಪಿಸಿಕೊಂಡ ದಿನ ಹಿರೋಜಿ ಫರ್ಜಂದ್ ಅವರ ಹಾಸಿಗೆಯಲ್ಲಿ ಹೊದ್ದು ಮಲಗಿದ್ದ. ಮಹಾರಾಜರ ಉಂಗುರ ಹಾಕಿದ ಕೈ ಮಾತ್ರ ಹೊರಗೆ. ಕಾವಲಿನವರು ಇಣುಕಿದರು, ಉಂಗುರ ಕಂಡಿತು, ಹೋದರು. ಮುಖಕ್ಕೆ ವೇಷವೇ ಬೇಕಾಗಲಿಲ್ಲ. ಮಾಯೆ ಎಷ್ಟು ಕಡಿಮೆ ಇದ್ದರೆ ಹಿಡಿಯುವುದು ಅಷ್ಟು ಕಷ್ಟ ಅಂತ ನನ್ನ ಅಭಿಪ್ರಾಯ. ಮಂತ್ರವಾದಿಗಳು ತುಂಬಿದ ಊರಲ್ಲಿ ಎಲ್ಲರೂ ಮಂತ್ರವನ್ನೇ ಹುಡುಕುತ್ತಾರೆ.

ಮುಲುಂಡ್ ಅವರೇ, ನಿಮ್ಮವಳು ಬಟ್ಟೆ ವ್ಯಾಪಾರಿ ತಾನೆ? ತಲೆಗೆ ಬಟ್ಟೆ ಸುತ್ತಿ ಕಿವಿ ಮುಚ್ಚಲಿ. ಹೊಳೆಯುವ ಕಣ್ಣಿಗೆ ಮಾತ್ರ ಸಣ್ಣ ಮಾಯೆ ಸಾಕು.

ಮುಲುಂಡ್_ಮಂತ್ರವಾದಿ

ಇದು ಹೊಳೆದೇ ಇರಲಿಲ್ಲ! ಆದರೆ ಕಣ್ಣಿನ ವಿಷಯ ಹೇಳಿ. ಬ್ಲಡ್ ಎಲ್ಫ್‌ಗಳ ಕಣ್ಣು ಹಸಿರಾಗಿ ಹೊಳೆಯುವುದು ರಾಕ್ಷಸರ ಫೆಲ್ ಶಕ್ತಿಯಿಂದ. 2008ರ 2.4 ಪ್ಯಾಚ್‌ನಲ್ಲಿ ಎಲ್ಫ್‌ಗಳ ಶಕ್ತಿಯ ಚಿಲುಮೆ ಸನ್‌ವೆಲ್ ಮತ್ತೆ ಬೆಳಗಿದ ಮೇಲೆ ಕೆಲವರ ಕಣ್ಣು ಚಿನ್ನದ ಬಣ್ಣಕ್ಕೆ ತಿರುಗಿದೆ. ನನ್ನವಳಿಗೆ ಯಾವುದು ಇಡಲಿ? ಮಾತು ಹೇಗೆ? ಅವಳಿಗೆ ಮನುಷ್ಯರ ಕಾಮನ್ ಭಾಷೆ ಬರುತ್ತೆ ಅಂತ ಇಟ್ಟರೆ ತಪ್ಪಾ?

ಹಳೇಹುಲಿ_ಡೊಂಬಿವಲಿ

ಮಾತು ತಪ್ಪಿಲ್ಲ. ಎರಡನೇ ಯುದ್ಧದ ಕಾಲದಲ್ಲಿ ಹೈ ಎಲ್ಫ್‌ಗಳು (ಬ್ಲಡ್ ಎಲ್ಫ್‌ಗಳ ಮೂಲ ಕುಲ) ಅಲಯನ್ಸ್ ಜೊತೆಯೇ ಇದ್ದವರು. ಎಲ್ಫ್‌ಗಳ ಆಯುಷ್ಯ ಉದ್ದ. ಆಗಿನವಳು ಅಂತ ಇಟ್ಟರೆ ಕಾಮನ್ ಚೆನ್ನಾಗಿಯೇ ಬರುತ್ತೆ, ಹಳೇ ಕಾಲದ ಮಾತುಗಳು ನಡುನಡುವೆ ಇಣುಕುತ್ತವೆ. ಕಣ್ಣು ಹಸಿರೇ ಇರಲಿ. ಮುಚ್ಚಲು ಕಷ್ಟ ಇದ್ದಷ್ಟೂ ಆಡಲು ಚೆನ್ನ.

ಸುಮ್ನೆ_ಓದುವವಳು

ಮಾತಿನ ವಿಷಯ ಬಂತಲ್ಲ, ರೂನ್‌ಸ್ಕೇಪ್ ಅನ್ನುವ ಇನ್ನೊಂದು ಆನ್‌ಲೈನ್ ಆಟದವರು ಇದನ್ನು ತುಂಬಾ ಚೊಕ್ಕವಾಗಿ ಮಾಡಿದ್ದಾರೆ. ಮಂಕಿ ಮ್ಯಾಡ್‌ನೆಸ್ ಕ್ವೆಸ್ಟ್ ಆಡಿದ್ದೀರಾ? 2004ರದ್ದು. ಏಪ್ ಅಟಾಲ್ ಅನ್ನುವ ಕೋತಿಗಳ ದ್ವೀಪ. ಕೋತಿಯಾಗಲು ಗ್ರೀಗ್ರೀ ಅನ್ನುವ ಮಂತ್ರವಸ್ತು ಬೇಕು. ಅದನ್ನು ಮಾಡಿಸಲು ತಾಯಿತದ ಜೊತೆ ಕೋತಿಯ ಮೂಳೆಯನ್ನೂ ತರಬೇಕು. ಯಾವ ಜಾತಿ ಕೋತಿಯ ಮೂಳೆಯೋ ಆ ಜಾತಿಯ ರೂಪ. ಅದನ್ನು ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಮಾತ್ರ, ಅಂದರೆ ಆ ಹೊತ್ತಿಗೆ ಕತ್ತಿ ಹಿಡಿಯುವ ಹಾಗಿಲ್ಲ. ಇಷ್ಟೆಲ್ಲ ಆದರೂ ಮಾತಾಡಲು ಬರುವುದಿಲ್ಲ. ಅದಕ್ಕೆ ಬೇರೆ ತಾಯಿತ ಮಾಡಿಸಿಕೊಳ್ಳಬೇಕು. ರೂಪಕ್ಕೊಂದು, ಮಾತಿಗೊಂದು. ಎಷ್ಟು ಗೋಳು! ಆದರೆ ಆ ಗೋಳಿನಿಂದಲೇ ಕೋತಿಗಳು ನಮ್ಮನ್ನು ನಂಬುವುದು ನಿಜ ಅನಿಸುತ್ತೆ. ಬಾಣ ಅವರು ಹೇಳಿದ ಹಾಗೆ "ಮಾಯೆ ಅಂದ ಮೇಲೆ ಮಾಯೆ" ಅಂತ ಬಿಟ್ಟಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ.

ಬೋರಿವಲಿ_ಬಾಣ

ಆ ಕ್ವೆಸ್ಟ್ ನಾನೂ ಆಡಿದ್ದೇನೆ. ನೆನಪಿರುವುದು ಕೋತಿ ಅಲ್ಲ, ಆ ದ್ವೀಪದಲ್ಲಿ ತಿಂದ ಏಟು. ನಿಯಮ ಜಾಸ್ತಿ ಆದರೆ ಆಟ ಗವರ್ನಮೆಂಟ್ ಫಾರ್ಮ್ ತುಂಬಿಸಿದ ಹಾಗೆ ಆಗುತ್ತೆ. ನಾನು ಈಗಲೂ ಅದೇ ಹೇಳುತ್ತೇನೆ.

ಮಡಗಾಂವ್_ಮಾಯಗಾರ

ಗೋವಾದಿಂದ ನನ್ನದೂ ಒಂದು ಮಾತು. ನಾನು ಇನ್ನೊಂದು ಆನ್‌ಲೈನ್ ಆಟ ಫೈನಲ್ ಫ್ಯಾಂಟಸಿ 14 ಕಡೆಯವನು. ಅಲ್ಲಿ ಗ್ಲಾಮರ್ ಅಂದರೆ ದಿನಬಳಕೆಯ ವಸ್ತು. ಪ್ರಿಸಮ್ ಒಂದು ಇದ್ದರೆ ಯಾವ ಕವಚವನ್ನಾದರೂ ಬೇರೆ ಬಟ್ಟೆಯ ಹಾಗೆ ತೋರಿಸಬಹುದು. ಆದರೆ ಅದೇ ಲೋಕದಲ್ಲಿ ಯಷ್ಟೋಲಾ ಇದ್ದಾಳೆ. ಕಣ್ಣು ಕಳೆದುಕೊಂಡ ಮೇಲೆ ಅವಳು ನೋಡುವುದು ಈಥರ್ (ಜೀವಶಕ್ತಿ) ಮೂಲಕ. 2019ರ ಶ್ಯಾಡೋಬ್ರಿಂಗರ್ಸ್‌ನಲ್ಲಿ ನಮ್ಮ ನಾಯಕ ಎದುರಿಗೆ ಬಂದಾಗ ಅವಳು ಹಳೇ ಗೆಳೆಯ ಅಂತ ಗುರುತು ಹಿಡಿಯುವುದಿಲ್ಲ, ಸಿನ್ ಈಟರ್ (ಬೆಳಕಿನ ರಾಕ್ಷಸ) ಬಂತು ಅಂತ ಎದುರು ನಿಲ್ಲುತ್ತಾಳೆ. ಯಾಕೆಂದರೆ ಅವನ ಒಳಗೆ ಅಷ್ಟು ಬೆಳಕು ಸೇರಿಕೊಂಡಿತ್ತು. ಮುಖಕ್ಕೆ ವೇಷವೇ ಇಲ್ಲದಿದ್ದರೂ ಗುರುತು ತಪ್ಪಿತು. ಅಂಥ ಕಣ್ಣಿನ ಮುಂದೆ ಬಟ್ಟೆ ಗಿಟ್ಟೆ ಲೆಕ್ಕಕ್ಕೇ ಇಲ್ಲ. ಒಬ್ಬಳೇ ಒಬ್ಬಳು ಹಾಗೆ ಇರುವುದರಿಂದ ಉಳಿದವರು ಮೋಸ ಹೋಗುವುದು ಒಪ್ಪಿಗೆಯಾಗುತ್ತೆ.

ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್ ಆಟದಲ್ಲಿ ಮಾಯೆಯೂ ಇಲ್ಲ. ಶತ್ರುವಿನ ಸಮವಸ್ತ್ರ ಹಾಕಿ ಒಳಗೆ ನುಗ್ಗಬೇಕು. ಸಾಮಾನ್ಯ ಸೈನಿಕರು ಬಿಡುತ್ತಾರೆ, ಲಾಂದ್ರ ಹಿಡಿದ ಪಹರೆಯವನು ಹಿಡಿಯುತ್ತಾನೆ. ಅವನು ಬರುವ ಕಡೆ ನೋಡಿಕೊಂಡು ಗೋಡೆ ಮರೆಗೆ ಸರಿಯುವುದೇ ಮಜಾ.

ಕೋಥ್ರೂಡ್_ಕಳ್ಳ

ನಮ್ಮ ಸೂರಮಾರ್ ಊರೂ ಹಾಗೆಯೇ ಅಲ್ವಾ? ಅಲ್ಲಿನ ಎಲ್ಫ್ ಕುಲ ನೈಟ್‌ಬಾರ್ನ್ ರೂಪ ಹೊದ್ದುಕೊಂಡು ಬೀದಿಯಲ್ಲಿ ಓಡಾಡಬಹುದು. ಗುರುತು ಹಿಡಿಯುವ ಕಾವಲುಗಾರರ ಹತ್ತಿರ ಹೋದರೆ ಮುಸುಕು ಕಳಚುತ್ತೆ, ಊರೆಲ್ಲ ಮೈಮೇಲೆ ಬೀಳುತ್ತೆ. ಲೀಜನ್ ಕಾಲದಲ್ಲಿ ಆ ಊರನ್ನು ಬೈಯದವರಿಲ್ಲ. ನಾನು ಮಾತ್ರ ಬೇಕೆಂದೇ ನಡೆದುಕೊಂಡು ಸುತ್ತುತ್ತಿದ್ದೆ.

ಪಡುಕಡಲ_ಪಲಾದಿನ್

ಗೋರೆಗಾಂವ್‌ನಿಂದ. ತಡವಾಗಿ ಬಂದೆ, ಎಲ್ಲ ಓದಿದೆ. ನಮ್ಮ ತಂದೆ ಇಲ್ಲಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಬಣ್ಣದ ವೇಷ ಮಾಡುತ್ತಿದ್ದವರು. ಹಾಗಾಗಿ ನನಗೆ ಈ ಚರ್ಚೆ ಬೇರೆ ರೀತಿ ಕಾಣುತ್ತೆ.

ಪಂಚವಟಿ ಪ್ರಸಂಗ ನೋಡಿದವರಿಗೆ ಗೊತ್ತು. ಶೂರ್ಪನಖಿ ಮೊದಲು ಬಣ್ಣದ ವೇಷದಲ್ಲಿ ಅಬ್ಬರಿಸುತ್ತಾ ಬರುತ್ತಾಳೆ. ಆಮೇಲೆ ಸುಂದರಿಯಾಗಿ ರಾಮನ ಮುಂದೆ ಬರುವ ಮಾಯಾ ಶೂರ್ಪನಖಿಯನ್ನು ಬೇರೆ ಕಲಾವಿದ ಸ್ತ್ರೀವೇಷದಲ್ಲಿ ಮಾಡುತ್ತಾನೆ. ಮೂಗು ಹೋದ ಮೇಲೆ ಮತ್ತೆ ಬಣ್ಣದ ವೇಷ. ಆಟದ ಎಂಜಿನ್ ಮಾಡುವುದೂ ಇದನ್ನೇ ಅಲ್ವಾ? ಹಳೇ ಮಾಡೆಲ್ ಒಳಗೆ, ಹೊಸ ಮಾಡೆಲ್ ಹೊರಗೆ. ಆದರೆ ಒಳ್ಳೆ ಸ್ತ್ರೀವೇಷದವನು ಏನು ಮಾಡುತ್ತಾನೆ ಗೊತ್ತಾ? ನಾಚಿಕೆಯ ನಡುವೆ ಒಂದು ಸಲ ರಾಕ್ಷಸಿಯ ನೋಟ ಹಾಯಿಸಿಬಿಡುತ್ತಾನೆ. ರಾಮನಿಗೆ ಅಲ್ಲ, ನಮಗೆ. ಆ ಒಂದು ನೋಟಕ್ಕೆ ಸಭೆ ನಗುತ್ತೆ.

ನಿಮ್ಮ ಪಾತ್ರಕ್ಕೂ ಅದು ಬೇಕು. ಆರ್‌ಪಿಯಲ್ಲಿ ಎದುರಿನ ಪಾತ್ರಕ್ಕೆ ಗೊತ್ತಿರಬಾರದು, ಎದುರಿನ ಆಟಗಾರನಿಗೆ ಗೊತ್ತಿರಬೇಕು. ಟೋಟಲ್ ಆರ್‌ಪಿ 3 ಆಡ್‌ಆನ್‌ನಲ್ಲಿ ಪಾತ್ರದ ವಿವರ ಬರೆಯುತ್ತೀರಲ್ಲ, ಅಲ್ಲಿ "ಇವಳು ಗುಪ್ತ ಬ್ಲಡ್ ಎಲ್ಫ್" ಅಂತ ಬರೆಯಬೇಡಿ. "ಕತ್ತಲೆಯಲ್ಲಿ ಬಣ್ಣ ಗುರುತಿಸುವಾಗ ದೀಪ ಕೇಳುವುದಿಲ್ಲ" ಅಂತ ಬರೆಯಿರಿ. "ಎಷ್ಟೇ ಸೆಖೆ ಇದ್ದರೂ ತಲೆಯ ಬಟ್ಟೆ ತೆಗೆಯುವುದಿಲ್ಲ" ಅಂತ ಬರೆಯಿರಿ.

ದಮಯಂತಿ ಸ್ವಯಂವರದಲ್ಲೂ ಅದೇ. ನಾಲ್ವರು ದೇವತೆಗಳು ನಳನ ರೂಪದಲ್ಲೇ ಕೂತಿದ್ದರು. ಅವಳು ಹಿಡಿದಿದ್ದು ಹೇಗೆ? ರೆಪ್ಪೆ ಬಡಿಯುವುದಿಲ್ಲ, ಬೆವರಿಲ್ಲ, ಹಾರ ಬಾಡುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ನಿಜವಾದ ನಳನೇ ಬೆವರಿದವನು. ವೇಷದಲ್ಲಿ ಕೊರತೆ ಇತ್ತು ಅಂತ ಅಲ್ಲ, ಅದು ಅತಿಯಾಗಿ ಸರಿ ಇತ್ತು. ಈ ಉಪಾಯ ನಾನು ಯಾವ ಆಟದಲ್ಲೂ ಕಂಡಿಲ್ಲ. ಮುಲುಂಡ್‌ನವರೇ, ನಿಮ್ಮ ವ್ಯಾಪಾರಿಯ ಮುಖಕ್ಕೆ ವಯಸ್ಸೇ ಆಗದಿದ್ದರೆ? ಹತ್ತು ವರ್ಷದ ಗಿರಾಕಿಗೆ ಒಂದು ದಿನ ಅದು ಹೊಳೆದರೆ?

ಬೋರಿವಲಿ_ಬಾಣ

ಇದು ಚೆನ್ನಾಗಿದೆ. ಆ ಗಿರಾಕಿ ಪಾತ್ರ ನನಗೆ ಕೊಡಿ.

ಕೋಥ್ರೂಡ್_ಕಳ್ಳ

ನಿಯಮ ಬೇಡ ಅಂದವರು ಮೊದಲು ಪಾತ್ರ ಕೇಳಿದರು ನೋಡಿ!

ಸುಮ್ನೆ_ಓದುವವಳು

ನನಗೊಂದು ಸಂಶಯ. ಡ್ರ್ಯಾಗನ್‌ಗಳೆಲ್ಲ ಎರಡು ಕಾಲಿನ ರೂಪ ಹೊತ್ತು ಓಡಾಡುತ್ತವೆ. ಕ್ರೋಮಿ ನೋಮ್ (ಕುಳ್ಳರ ಕುಲ) ಆಗಿದ್ದಾಳೆ, ಅವಳು ಕಂಚಿನ ಡ್ರ್ಯಾಗನ್ ಅಂತ ಎಲ್ಲರಿಗೂ ಗೊತ್ತು. 2022ರ ಡ್ರ್ಯಾಗನ್‌ಫ್ಲೈಟ್‌ನಲ್ಲಿ ಡ್ರಾಕ್‌ಥಿರ್ (ಡ್ರ್ಯಾಗನ್ ಮನುಷ್ಯರ ಕುಲ) ಆಡುವ ನಮಗೂ ಎರಡನೇ ರೂಪ ಕೊಟ್ಟರು. ಇದೂ ಮಾಯಾವೇಷ ಅನ್ನಬೇಕಾ?

ಹಳೇಹುಲಿ_ಡೊಂಬಿವಲಿ

ನನ್ನ ಲೆಕ್ಕದಲ್ಲಿ ಅಲ್ಲ. ಕ್ರೋಮಿ ಯಾರನ್ನೂ ಮೋಸ ಮಾಡುತ್ತಿಲ್ಲ. ಅಷ್ಟು ದೊಡ್ಡ ಮೈ ಹೊತ್ತು ನಮ್ಮ ಜೊತೆ ಕೂತು ಮಾತಾಡಲು ಆಗುವುದಿಲ್ಲ, ಅದಕ್ಕೆ ಆ ರೂಪ. ಓನಿಕ್ಸಿಯಾ ಬಳಸಿದ್ದೂ ಅದೇ ವಿದ್ಯೆ, ಆದರೆ ಹೆಸರು, ಮನೆತನ, ಹಿಂದಿನ ಕತೆ ಎಲ್ಲ ಸುಳ್ಳು ಕಟ್ಟಿದಳು. ವಿದ್ಯೆ ಒಂದೇ, ಉದ್ದೇಶ ಬೇರೆ. ಸ್ಟ್ರಾಥೋಮ್‌ನ ಸೇಡನ್ ಡಾಥ್ರೋಹನ್ ವಿಷಯ ಇನ್ನೂ ಬೇರೆ. ಬಾಲ್ನಜಾರ್ ಅನ್ನುವ ಡ್ರೆಡ್‌ಲಾರ್ಡ್ ಅವನನ್ನು ಕೊಂದು ಅವನ ಮೈಯನ್ನೇ ತೊಟ್ಟುಕೊಂಡಿದ್ದ. ಅದನ್ನು ವೇಷ ಅಂತ ಕರೆಯಲು ಮನಸ್ಸು ಬರುವುದಿಲ್ಲ.

ವಾಶಿ_ವಾರಿಯರ್

ಸರಿ, ಎಲ್ಲ ಓದಿದೆ. ನಾನು ಕೇಳಿದ್ದು ಒಂದು ಸಾಲಿನ ಉತ್ತರ, ಸಿಕ್ಕಿದ್ದು ಇಡೀ ರಾತ್ರಿಯ ತಾಳಮದ್ದಲೆ.

ಪಾತ್ರಕ್ಕೆ ಒಪ್ಪಿಗೆ. ಆರ್ಬ್ ಇಲ್ಲ. ತಲೆಗೆ ಬಟ್ಟೆ, ಕಣ್ಣಿಗೆ ಮಾತ್ರ ಮಾಯೆ. ಅದನ್ನು ದಿನಾ ಬೆಳಗ್ಗೆ ಹೊಸದಾಗಿ ಹಾಕಿಕೊಳ್ಳಬೇಕು, ಸುಸ್ತಾದರೆ ಮಿನುಗುತ್ತೆ. ವಯಸ್ಸಾಗದ ಮುಖ ಇರಲಿ, ಗಿರಾಕಿ ಪಾತ್ರ ಬಾಣನಿಗೆ. ಆದರೆ ಒಂದು ಬಾಕಿ ಇದೆ. ಗೋವಾದ ತಮ್ಮ ಹೇಳಿದ ಹಾಗೆ, ನೋಡಿದ ಕೂಡಲೇ ಗುರುತು ಹಿಡಿಯುವ ಒಬ್ಬರು ಊರಲ್ಲಿ ಇರಬೇಕು. ನಮ್ಮಲ್ಲಿ ಡೀಮನ್ ಹಂಟರ್ (ರಾಕ್ಷಸರ ಬೇಟೆಗಾರರು) ಆಡುವವಳು ನಾನೊಬ್ಬಳೇ. ಲೀಜನ್ ಶುರುವಿನಲ್ಲಿ ವೇರಿಯನ್‌ನ ಅಂತ್ಯಕ್ರಿಯೆಗೆ ಜನ ಸೇರಿದಾಗ, ಅವರ ನಡುವೆ ಮನುಷ್ಯ ರೂಪದಲ್ಲಿ ನಿಂತಿದ್ದ ರಾಕ್ಷಸರನ್ನು ಬಯಲಿಗೆಳೆದಿದ್ದು ನಮ್ಮವರೇ.

ಕೋಥ್ರೂಡ್_ಕಳ್ಳ

ಅಕ್ಕಾ, ಅವರು ಹಿಡಿದಿದ್ದು ರಾಕ್ಷಸರನ್ನು. ಎಲ್ಫ್ ರಾಕ್ಷಸಿ ಅಲ್ಲವಲ್ಲ.

ವಾಶಿ_ವಾರಿಯರ್

ಕಣ್ಣಲ್ಲಿ ಫೆಲ್ ಹಸಿರು ಇಟ್ಟವರು ಯಾರಪ್ಪ? ಅದು ನನಗೆ ಗೋಡೆಯ ಆಚೆಯಿಂದಲೂ ಕಾಣುತ್ತೆ. ಅದಕ್ಕೇ ಹುಲಿ ಅಣ್ಣ ಹಸಿರೇ ಇರಲಿ ಅಂದಿದ್ದು.

ಹಳೇಹುಲಿ_ಡೊಂಬಿವಲಿ

ಅಷ್ಟು ದೂರ ಯೋಚಿಸಿರಲಿಲ್ಲ, ಆದರೆ ಹೆಸರು ನನಗೇ ಬರಲಿ.

ವಾಶಿ_ವಾರಿಯರ್

ಮುಲುಂಡ್ ತಮ್ಮಾ, ಶನಿವಾರ ನನ್ನ ಡೀಮನ್ ಹಂಟರ್ ನಿನ್ನ ಅಂಗಡಿಗೆ ಬರುತ್ತಾಳೆ. ಮೊದಲ ನೋಟಕ್ಕೇ ಎಲ್ಲ ತಿಳಿಯುತ್ತೆ. ಬಾಯಿ ಮುಚ್ಚಿಕೊಂಡಿರಲು ಏನು ಕೊಡುತ್ತಾಳೆ ನಿನ್ನ ವ್ಯಾಪಾರಿ?

ಮುಲುಂಡ್_ಮಂತ್ರವಾದಿ

ಬಂಗಾರ ಅವಳ ಹತ್ತಿರ ಇಲ್ಲ ಅಕ್ಕಾ. ಸಿಲ್ವರ್‌ಮೂನ್‌ನಿಂದ ಬರುವ ಕಾಗದಗಳನ್ನು ಮೊದಲು ನಿಮಗೆ ತೋರಿಸುತ್ತಾಳೆ. ಒಂದು ಮಾತ್ರ ಮುಚ್ಚಿಡುತ್ತಾಳೆ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಬಾಣ ಓದುತ್ತಿದ್ದಾರೆ.